ನಮ್ಮೂರ ಮಳೆ, ಶೆಟ್ಟಿಹಳ್ಳಿಯ ಚರ್ಚು

ಮೂಡಿಗೆರೆಯಲ್ಲಿ ಮಳೆ ಜೋರಾದ್ರೆ ಅಪ್ಪನಿಗೆ ಕಾಫಿ ಕೊಳೆರೋಗದ ಚಿಂತೆ. ನನಗೆ ಈಗೀಗ ಶೆಟ್ಟಿಹಳ್ಳಿ ಚರ್ಚಿನ ಚಿಂತೆ. ನಮ್ಮ ತಾಲ್ಲೂಕಿನ ಜಾವಳಿ ಹತ್ತಿರ ಹುಟ್ಟುವ ಹೇಮಾವತಿಯೇ ಹಾಸನದ ಗೊರೂರು ಅಣೆಕಟ್ಟಿನ ಹಿನ್ನೀರಾಗಿ ಅದನ್ನು ಮುಳುಗಿಸೋದು.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಚರ್ಚು. ಅಣೆಕಟ್ಟು ಬಂದಾಗ ಊರವರು ಬೇರೆಡೆ ಹೋದರು, ಗೋಡೆಗಳು ಉಳಿದವು. ಈಗ ಚಾವಣಿ ಇಲ್ಲ, ಮೊನಚು ಕಮಾನುಗಳಿವೆ. ಮಳೆಗಾಲದಲ್ಲಿ ನೀರೊಳಗೆ ನಿಂತು, ಬೇಸಿಗೆಯಲ್ಲಿ ಪೂರ್ತಿ ಕಾಣಿಸುತ್ತೆ.

ಹೋದ ಬೇಸಿಗೆಯಲ್ಲಿ ಫೋಟೊಗೋಸ್ಕರ ಕಮಾನಿಗೆ ಒರಗಿದೆ. ಗಾರೆ ಪುಡಿಯಾಗಿ ಅಂಗೈಗೆ ಬಂತು. ನಾಚಿಕೆಯಾಯ್ತು. ವರ್ಷ ವರ್ಷವೂ ನೆಂದು, ಒಣಗಿ ಸಡಿಲವಾದ ಗೋಡೆ ಅದು. ನೀವು ಹೋದರೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಸ್ವಲ್ಪ ದೂರ ನಿಂತೇ ನೋಡಿ.