ಬರದ ನಾಡಿನ ಕೆರೆಯೂ ಸೈಬೀರಿಯದ ಬಾತೂ

ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಸೇರಿವೆ. ಶೇಂಗಾ, ಕುರಿ, ಕಂಬಳಿ, ರೇಷ್ಮೆ ಸೀರೆಗಳಿಗೆ ಹೆಸರಾದ ಈ ನಾಡನ್ನು ನೀರುಹಕ್ಕಿಗಳೊಡನೆ ಸೇರಿಸಿ ಮಾತನಾಡಿದರೆ ವಾಚಕರು ನಕ್ಕಾರು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರವೇ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಕಂಡದ್ದು 2022ರಲ್ಲಿ. ಹಾಗಿರುವಾಗ ಮಳೆಯನ್ನೇ ನಂಬಿದ ಊರ ಕೆರೆಗಳ ಪಾಡನ್ನು ಹೇಳಬೇಕಾದುದಿಲ್ಲ. ಆದರೂ ಮಳೆ ಒಲಿದ ವರ್ಷ, ಚಳಿಗಾಲ ಕಾಲಿಟ್ಟೊಡನೆ, ನಮ್ಮ ಬಯಲುಸೀಮೆಯ ಕೆರೆಗಳಿಗೆ ಸೂಜಿಬಾಲದ ಬಾತು, ಸಲಿಕೆಕೊಕ್ಕಿನ ಬಾತು, ಬಿಳಿಹುಬ್ಬಿನ ಬಾತು ಮೊದಲಾದವು ಬಂದಿಳಿಯುತ್ತವೆ. ಇವು ಮೊಟ್ಟೆಯಿಟ್ಟು ಮರಿಮಾಡುವುದು ಸೈಬೀರಿಯ, ಕಜಕಸ್ತಾನಗಳಂತಹ ದೂರದ ನಾಡುಗಳಲ್ಲಿ.

ಮೊಳಕಾಲ್ಮೂರಿನ ವಿದ್ಯಾರ್ಥಿಗಳು ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಲ್ಲರು. 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಈ ಶಾಸನವು ಹಿರಿಯರಲ್ಲಿ ವಿಧೇಯತೆಯನ್ನೂ ಜೀವಿಗಳಲ್ಲಿ ದಯೆಯನ್ನೂ ಬೋಧಿಸುತ್ತದೆ. ಬರೆದವನು ಚಪಡನೆಂಬ ಲಿಪಿಕಾರ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯ ಹೆಸರನ್ನು ಮಾತ್ರ ಆತ ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ವಾಯವ್ಯ ದಿಕ್ಕಿನ ನಂಟುಳ್ಳ ಮನುಷ್ಯ! ಬಾತುಗಳಲ್ಲಿಯೂ ಅನೇಕವು ಅದೇ ದಿಕ್ಕಿನಿಂದ ಭಾರತವನ್ನು ಪ್ರವೇಶಿಸುತ್ತವೆ. ಅಶೋಕನ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಳಗೆ, ಹಂಸವೂ ಚಕ್ರವಾಕವೂ ಇವೆ. ನಿಜವಾದ ರಾಜಹಂಸ ದಕ್ಷಿಣ ಭಾರತಕ್ಕೆ ಬರುವ ಹಕ್ಕಿಯಲ್ಲ. ನಮ್ಮ ಕವಿಗಳು ಮಾನಸ ಸರೋವರಕ್ಕೆ ಹಾರಿಸುವ ಹಂಸ ಪಟ್ಟೆತಲೆ ಹೆಬ್ಬಾತೇ ಇರಬೇಕೆಂದು ನಮ್ಮ ಊಹೆ. ಅದು ಟಿಬೆಟ್ಟಿನ ಸರೋವರಗಳಲ್ಲಿಯೇ ಮರಿಮಾಡುತ್ತದೆ.

ಈ ಹೆಬ್ಬಾತು ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದುದನ್ನು ಉಪಗ್ರಹಕ್ಕೆ ಸುಳಿವು ಕೊಡುವ ಸಣ್ಣ ಯಂತ್ರಗಳ ಮೂಲಕ ವಿಜ್ಞಾನಿಗಳು ಅಳೆದಿದ್ದಾರೆ. ಅದರ ರಕ್ತದ ಹಿಮೋಗ್ಲೋಬಿನ್ ಇತರ ಬಾತುಗಳದಕ್ಕಿಂತ ಹೆಚ್ಚು ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ತೆಳುಗಾಳಿಯಲ್ಲಿಯೂ ಅದಕ್ಕೆ ಉಸಿರು ಕಟ್ಟುವುದಿಲ್ಲ. ನಮ್ಮಲ್ಲಿ ವಲಸೆಯ ಶಾಸ್ತ್ರೀಯ ಅಧ್ಯಯನ ದೊಡ್ಡ ಪ್ರಮಾಣದಲ್ಲಿ ಆರಂಭವಾದುದಕ್ಕೆ ಕಾರಣ ಕನ್ನಡನಾಡಿನ ಒಂದು ಕಾಯಿಲೆ ಎಂಬುದು ವಿಚಿತ್ರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅದರ ವೈರಸ್ಸು ರಷ್ಯದ ಒಂದು ಮಿದುಳುಜ್ವರದ ವೈರಸ್ಸಿಗೆ ಹತ್ತಿರದ್ದು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಅದನ್ನು ತಂದಿರಬಹುದೆ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘವು ಸಾಲಿಂ ಅಲಿಯವರ ಮುಂದಾಳುತನದಲ್ಲಿ 1959ರಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸತೊಡಗಿತು. ಇಲ್ಲಿ ತೊಡಿಸಿದ ಉಂಗುರಗಳು ಸೋವಿಯತ್ ನಾಡಿನಲ್ಲಿ ಸಿಕ್ಕಿದುವು. ಹಕ್ಕಿ ಯಾವ ಒಂದು ದೇಶದ ಸೊತ್ತೂ ಅಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಂತಹ ತಿಳಿವಳಿಕೆಯಿಂದಲೇ 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಜೌಗುನೆಲಗಳ ಒಪ್ಪಂದವಾಯಿತು. ಭಾರತ ಅದನ್ನು ಸೇರಿದುದು 1982ರಲ್ಲಿ. ವಲಸೆ ಪ್ರಾಣಿಗಳ ಬಾನ್ ಒಪ್ಪಂದ 1979ರದು. ಅದರ ಆಶ್ರಯದಲ್ಲಿ, ಆರ್ಕ್ಟಿಕ್‌ನಿಂದ ಹಿಂದೂ ಮಹಾಸಾಗರದವರೆಗೆ ಚಾಚಿದ ಮಧ್ಯ ಏಷ್ಯಾ ಹಾರುದಾರಿಯ ಮೂವತ್ತು ರಾಷ್ಟ್ರಗಳು ಕೂಡಿ ದುಡಿಯಬೇಕೆಂದು 2024ರಲ್ಲಿ ಸಮರ್ಕಂದದ ಸಭೆ ನಿಶ್ಚಯಿಸಿತು. ಕರ್ನಾಟಕದ ರಂಗನತಿಟ್ಟು 2022ರಲ್ಲಿಯೂ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಅಘನಾಶಿನಿಯ ಅಳಿವೆ 2024ರಲ್ಲಿಯೂ ರಾಮ್ಸರ್ ಪಟ್ಟಿಗೆ ಸೇರಿದುವು. ಸಂತೋಷವೇ. ಆದರೆ ಸೈಬೀರಿಯದ ಕೊಕ್ಕರೆಯ ವಿಷಯದಲ್ಲಿ ಒಪ್ಪಂದಗಳೆಲ್ಲ ಇದ್ದೂ, ಭರತಪುರದಲ್ಲಿ ಅದರ ಕೊನೆಯ ಜೋಡಿ 2002ರ ಬಳಿಕ ಕಾಣಲಿಲ್ಲ. ದಾರಿಯ ಎರಡು ತುದಿಗಳನ್ನು ಕಾದರೆ ಸಾಲದು, ನಡುವಣ ತಂಗುದಾಣಗಳೂ ಉಳಿಯಬೇಕು.

ನಮ್ಮ ಆಕ್ಷೇಪಣೆ ಇರುವುದು ಇಲ್ಲಿಯೇ. ರಾಮ್ಸರ್ ಒಪ್ಪಂದದ ವ್ಯಾಖ್ಯೆ ಉದಾರವಾದುದು: ನೀರು ಸಹಜವಾಗಿರಲಿ, ಮನುಷ್ಯ ಕಟ್ಟಿದುದಿರಲಿ, ವರ್ಷವಿಡೀ ಇರಲಿ, ಕೆಲವು ತಿಂಗಳು ಮಾತ್ರ ಇರಲಿ, ಅದು ಜೌಗುನೆಲವೇ. ಭಾರತ ಸರ್ಕಾರದ 2017ರ ನಿಯಮಗಳು ಮಾತ್ರ ನೀರಾವರಿಗಾಗಿ, ಕುಡಿಯುವ ನೀರಿಗಾಗಿ ಕಟ್ಟಿದ ಕೆರೆಗಳನ್ನು ಆ ಹೆಸರಿನಿಂದ ಹೊರಗಿಟ್ಟಿವೆ. ಬಯಲುಸೀಮೆಯಲ್ಲಿ ಇರುವುದೆಲ್ಲ ಕಟ್ಟಿದ ಕೆರೆಗಳೇ ತಾನೆ! ಹೀಗಾಗಿ ಲೋಕದ ಒಪ್ಪಂದ ಒಳಗೆ ಕರೆದುದನ್ನು ನಮ್ಮ ನಿಯಮ ಬಾಗಿಲ ಹೊರಗೆ ನಿಲ್ಲಿಸಿದೆ. ನೀರಾವರಿಯ ಕೆರೆಯಾದ ಅಂಕಸಮುದ್ರಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ದೊರೆತಿರುವಾಗ, ಉಳಿದ ಕೆರೆಗಳು ಮಾಡಿದ ತಪ್ಪೇನು? ಒಂದು ಕೆರೆ ಬತ್ತಿದ ವರ್ಷ ಬಾತು ಮತ್ತೊಂದನ್ನು ಅರಸಿ ಹೋಗುತ್ತದೆ. ಬರದ ನಾಡಿನಲ್ಲಿ ರಕ್ಷಿಸಬೇಕಾದುದು ಒಂದು ಹೆಸರಾಂತ ಕೆರೆಯನ್ನಲ್ಲ, ಕೆರೆಗಳ ಸಾಲನ್ನು. ಈ ನಿಯಮ ತಿದ್ದುಪಡಿಯಾಗಲೇಬೇಕೆಂಬುದು ನಮ್ಮ ಮತ.

ಇನ್ನೊಂದು ಕಾರ್ಯ ಇನ್ನೂ ತುರ್ತಿನದು. ಭದ್ರಾ ಮೇಲ್ದಂಡೆ ಯೋಜನೆಯು ಚಿತ್ರದುರ್ಗ ಜಿಲ್ಲೆಯವೂ ಸೇರಿದಂತೆ 367 ಕೆರೆಗಳನ್ನು ತುಂಬಿಸಲು ಉದ್ದೇಶಿಸಿದೆ. ಬಾಯಾರಿದ ನಾಡಿಗೆ ನೀರು ಬರುವುದನ್ನು ಬೇಡವೆನ್ನುವ ಕಲ್ಲೆದೆ ನಮಗಿಲ್ಲ. ಆದರೆ ಕೆರೆ ತುಂಬಿಸುವುದಕ್ಕೂ ಕೆರೆಯನ್ನು ಬಾವಿಯಾಗಿಸುವುದಕ್ಕೂ ವ್ಯತ್ಯಾಸವುಂಟು. ಸೂಜಿಬಾಲದಂತಹ ಬಾತುಗಳು ಮುಳುಗಿ ಮೇಯುವುದಿಲ್ಲ. ಬಾಲ ಮೇಲೆತ್ತಿ, ಕೊರಳನ್ನು ನೀರಿಗಿಳಿಸಿ, ತಳದ ಬೀಜ, ಹುಳುಗಳನ್ನು ಹೆಕ್ಕುತ್ತವೆ. ಮೊಣಕಾಲುದ್ದದ ನೀರೇ ಅವುಗಳ ಅನ್ನದ ತಟ್ಟೆ. ಹೂಳೆತ್ತುವ ಯಂತ್ರಗಳು ಅಂಚಿನವರೆಗೂ ಕಡಿದಾಗಿ ಅಗೆದುಬಿಟ್ಟರೆ ನೀರು ತುಂಬಿದ್ದೂ ಹಕ್ಕಿಗೆ ಕೆರೆ ಬರಿದೇ. ಏರಿಯ ಕಡೆ ಆಳ ಮಾಡಿ, ಮೇಲಂಚಿನಲ್ಲಿ ಹಳೆಯ ಇಳಿಜಾರನ್ನು ಹಾಗೆಯೇ ಬಿಡಬೇಕು. ಅಂಗಳವನ್ನು ಮುಚ್ಚಿರುವ ಬಳ್ಳಾರಿ ಜಾಲಿಯನ್ನು ಬೇರುಸಹಿತ ಕೀಳಬೇಕು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಅಗೆಯುವ ಮುನ್ನ ಎಂಜಿನಿಯರರು ಒಂದು ಗೆರೆಯೆಳೆದರೆ ಸಾಕು. ಹೆಬ್ಬಾತುಗಳು ರಾತ್ರಿ ಹೊಲಕ್ಕಿಳಿದು ಬೆಳೆ ಮೇಯುವುದುಂಟು. ಆ ನಷ್ಟವನ್ನು ರೈತನ ತಲೆಗೆ ಕಟ್ಟದೆ ಸರ್ಕಾರವೇ ತುಂಬಿಕೊಡುವುದು ನ್ಯಾಯ.

ಯಾವ ಕೆರೆಗೆ ಯಾವ ಹಕ್ಕಿ ಎಷ್ಟು ಬರುತ್ತದೆಂಬ ಲೆಕ್ಕವಿಲ್ಲದೆ ಅಧಿಕಾರಿಗಳ ಮುಂದೆ ವಾದಿಸುವುದು ಕಷ್ಟ. ಏಷ್ಯದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಎಣಿಸುವವರು ಬಹುಮಟ್ಟಿಗೆ ಹವ್ಯಾಸಿಗಳೇ. ಚಳ್ಳಕೆರೆಯ ಕಾಲೇಜಿನವರೂ ಮೊಳಕಾಲ್ಮೂರಿನ ಹೈಸ್ಕೂಲಿನವರೂ ತಮ್ಮೂರಿನ ಒಂದೊಂದು ಕೆರೆಯನ್ನು ವಹಿಸಿಕೊಳ್ಳಬಹುದು. ಒಂದು ದುರ್ಬೀನು, ಒಂದು ನೋಟುಪುಸ್ತಕ, ಚಳಿಗೆ ಒಂದು ಕಂಬಳಿ, ಇಷ್ಟಿದ್ದರೆ ಸಾಕು. ಕೆರೆ ಒಣಗಿದ್ದರೆ ಹಾಗೆಂದೇ ಬರೆದು, ತಾರೀಖು ಹಾಕಿ, ಸೊನ್ನೆಯನ್ನೂ ಕಳುಹಿಸಬೇಕು.