ಏರುವ ನಂಬರಿಗೆ ಕಡಿವಾಣ

ಬೋರ್ಡಿನ ಅಕ್ಷರ ಕಾಣುತ್ತಿಲ್ಲ ಎಂದು ಮಗು ಹೇಳುತ್ತದೆ. ಕನ್ನಡಕ ಮಾಡಿಸುತ್ತೇವೆ, ಅಕ್ಷರ ಕಾಣುತ್ತದೆ, ಕೆಲಸ ಮುಗಿಯಿತೆಂದು ಸುಮ್ಮನಾಗುತ್ತೇವೆ. ಮರುವರ್ಷ ಹೋದರೆ ನಂಬರು ಮತ್ತೆ ಏರಿರುತ್ತದೆ. ಸಮೀಪದೃಷ್ಟಿಯ ಮಕ್ಕಳಲ್ಲಿ ಕಣ್ಣುಗುಡ್ಡೆ ಹಿಂದಕ್ಕೆ ಮಿತಿಮೀರಿ ಉದ್ದವಾಗುತ್ತಾ ಹೋಗುತ್ತದೆ. ಮಾಮೂಲಿ ಕನ್ನಡಕ ಅಕ್ಷರ ತೋರಿಸುತ್ತದೆಯೇ ಹೊರತು ಈ ಬೆಳವಣಿಗೆಯನ್ನು ತಡೆಯುವುದಿಲ್ಲ. ಗುಡ್ಡೆ ಉದ್ದವಾದಷ್ಟೂ ರೆಟಿನಾ ತೆಳುವಾಗಿ, ದೊಡ್ಡವರಾದ ಮೇಲೆ ಅದು ಹರಿಯುವ, ಕಳಚಿಕೊಳ್ಳುವ ಅಪಾಯ ಹೆಚ್ಚುತ್ತದೆ.

ಇದನ್ನು ನಿಧಾನಿಸುವ ಔಷಧವೊಂದಿದೆ: ಕಣ್ಣಿನ ಪಾಪೆ ಹಿಗ್ಗಿಸಲು ವೈದ್ಯರು ಬಳಸುವ ಅಟ್ರೋಪಿನ್ ಹನಿ. 2006ರಲ್ಲಿ ಸಿಂಗಪುರದ ಸಂಶೋಧಕರು ಶೇ 1ರ ಅಟ್ರೋಪಿನ್ ಪರಿಣಾಮಕಾರಿ ಎಂದು ತೋರಿಸಿದರು. ಆದರೆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಹತ್ತಿರದ ಅಕ್ಷರ ಮಂಜಾಗುತ್ತದೆ, ಹನಿ ನಿಲ್ಲಿಸಿದರೆ ನಂಬರು ವೇಗವಾಗಿ ಏರುತ್ತದೆ. ಅಲ್ಲಿಯೇ ಮುಂದೆ ನಡೆದ ಅಧ್ಯಯನದಲ್ಲಿ ಶೇ 0.01ರ ಹನಿಗೆ ಈ ತೊಂದರೆಗಳು ತೀರಾ ಕಡಿಮೆ ಎಂದು ಕಂಡು, ಅನೇಕ ದೇಶಗಳ ವೈದ್ಯರು ಅದನ್ನೇ ನೆಚ್ಚಿಕೊಂಡರು. 2019ರಲ್ಲಿ ಹಾಂಗ್‌ಕಾಂಗ್‌ನವರು ಮೂರು ಪ್ರಮಾಣಗಳನ್ನು ಹೋಲಿಸಿದಾಗ ಗೆದ್ದದ್ದು ಶೇ 0.05ರ ಹನಿ. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಂತೂ ಶೇ 0.01ರ ಹನಿಗೂ ಔಷಧವಿಲ್ಲದ ಹನಿಗೂ ವ್ಯತ್ಯಾಸವೇ ಕಾಣಲಿಲ್ಲ. ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಎಂಬುದರಲ್ಲೇ ಈ ಚಿಕಿತ್ಸೆಯ ಗುಟ್ಟಿದೆ.

ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಕೊಡುಗೆ ಹೊಸ ಬಗೆಯ ಕನ್ನಡಕ. ಗಾಜಿನ ನಡುಭಾಗ ನಿಚ್ಚಳ. ಸುತ್ತಲೂ ಜೇನುಗೂಡಿನಂತೆ ನೂರಾರು ಪುಟ್ಟ ಮಸೂರಗಳು. ನಡುವಿನಿಂದ ಮಗು ಸ್ಪಷ್ಟವಾಗಿ ನೋಡುತ್ತದೆ, ಅಂಚಿನಿಂದ ಬಂದ ಬೆಳಕು ರೆಟಿನಾದ ಮುಂದೆ ಬಿದ್ದು ಗುಡ್ಡೆಯ ಬೆಳವಣಿಗೆಯನ್ನು ತಗ್ಗಿಸುತ್ತದೆ. ಎರಡು ವರ್ಷಗಳ ಪ್ರಯೋಗದಲ್ಲಿ ನಂಬರು ಏರುವ ವೇಗ ಅರ್ಧದಷ್ಟು ಇಳಿಯಿತು. ನಂಬರು ತಡೆಯಲೆಂದೇ ಚೀನಾದಲ್ಲಿ ಹಬ್ಬಿದ ಕೆಂಪು ಬೆಳಕಿನ ಯಂತ್ರದ್ದು ಮಾತ್ರ ಬೇರೆ ಕಥೆ. ಅದರಿಂದ ರೆಟಿನಾಕ್ಕೇ ಹಾನಿಯಾದ ವರದಿ ಬಂದಿದೆ. ಅದಕ್ಕೆ ಅವಸರಪಡುವುದು ಬೇಡ.

ಇವೆಲ್ಲ ನಂಬರು ಬಂದ ಮೇಲಿನ ಮಾತು. ಬರುವುದನ್ನೇ ಮುಂದೂಡುವ ಮದ್ದು ಬಯಲಿನ ಬೆಳಕು. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷಗಳಲ್ಲಿ ಅವರ ಪೈಕಿ ಶೇ 30.4ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂತು. ಉಳಿದ ಶಾಲೆಗಳಲ್ಲಿ ಶೇ 39.5. ತೈವಾನ್ 2010ರಿಂದ ದಿನಕ್ಕೆ ಎರಡು ಗಂಟೆಯ ಹೊರಾಂಗಣ ಚಟುವಟಿಕೆಯನ್ನು ಶಾಲೆಗಳ ಕಾರ್ಯಕ್ರಮವಾಗಿಸಿತು.

ನಮ್ಮಲ್ಲಿ ಪರೀಕ್ಷೆ ಹತ್ತಿರ ಬಂದರೆ ಮೊದಲು ಕತ್ತರಿ ಬೀಳುವುದು ಆಟದ ಪಿರಿಯಡ್ಡಿಗೆ. ಮಕ್ಕಳ ಕಣ್ಣಿಗೆ ಇದು ಅನ್ಯಾಯ. ಆಟದ ಮೈದಾನವಿಲ್ಲದ ಶಾಲೆಗೆ ಅನುಮತಿ ಕೊಡಬಾರದು. ಕಣ್ಣುಗುಡ್ಡೆಯ ಉದ್ದ ಅಳೆಯುವ ಸೌಲಭ್ಯ ಮತ್ತು ಸರಿಯಾದ ಪ್ರಮಾಣದ ಹನಿ ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗಬೇಕು. ದುಬಾರಿ ಕನ್ನಡಕ ಕೊಳ್ಳಲಾಗದ ಮನೆಯ ಮಗುವಿಗೂ ಅದೇ ಕಣ್ಣು ತಾನೇ? ತಂದೆ ತಾಯಂದಿರೇ, ನಂಬರು ವರ್ಷವರ್ಷವೂ ಏರುತ್ತಿದ್ದರೆ ಗಾಜು ಬದಲಿಸಿ ಸುಮ್ಮನಾಗಬೇಡಿ. ಏರಿಕೆ ತಡೆಯಲು ಏನು ಮಾಡಬಹುದೆಂದು ಕಣ್ಣಿನ ವೈದ್ಯರನ್ನು ಕೇಳಿ. ಹನಿಯನ್ನು ನೀವಾಗಿಯೇ ಶುರುಮಾಡಬೇಡಿ, ನೀವಾಗಿಯೇ ನಿಲ್ಲಿಸಬೇಡಿ.