ಯಾವ ಕೊಪ್ಪ?

ಕೊಪ್ಪ ಎಂದರೆ ಯಾವ ಕೊಪ್ಪ? ಚಿಕ್ಕಮಗಳೂರು ಜಿಲ್ಲೆಯಲ್ಲಿ ಅದೊಂದು ತಾಲ್ಲೂಕು, ಬೈಲಕುಪ್ಪೆಯ ಪಕ್ಕದಲ್ಲಿ ಇನ್ನೊಂದು ಊರು, ನಮ್ಮ ಮಂಡ್ಯ ಸೀಮೆಯಲ್ಲಿ ಮದ್ದೂರು ತಾಲ್ಲೂಕಿನ ಹೋಬಳಿ. ಅದಕ್ಕೇ ಪಹಣಿ ಹುಡುಕುವಾಗ ‘ಭೂಮಿ’ ತಂತ್ರಾಂಶ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳಿ, ಆಮೇಲಷ್ಟೇ ಸರ್ವೆ ನಂಬರಿಗೆ ಬರುತ್ತದೆ. ಸೋರ್ಸ್ ಕೋಡ್‌ನಲ್ಲಿ ಹುಡುಕುವುದೂ ಹೀಗೆಯೇ ಎಂದು ನಮ್ಮ ಹಳ್ಳಿಗಳಿಂದ ಎಂಜಿನಿಯರಿಂಗ್ ಓದಲು ಹೋದ ಮಕ್ಕಳಿಗೆ ಹೇಳುತ್ತಿರುತ್ತೇನೆ. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನೇ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವುದು ಇದರಿಂದ. ‘ಕರ್ನಾಟಕ’ ಎನ್ನುವಾಗ ರಕಾರ ಮೊದಲು ಬಾಯಿಗೆ ಬಂದರೂ ಬರೆಯುವಾಗ ಅರ್ಕಾವತ್ತಾಗಿ ‘ನಾ’ದ ಬಲಕ್ಕೆ ಹೋಗಬೇಕಲ್ಲ, ಆ ಜಾಗ ಬದಲಿಸುವ ಕೆಲಸ ನಡೆಯುವುದು ಅಲ್ಲಿ. ಎಷ್ಟು ಸೂಕ್ಷ್ಮದ ಕೆಲಸ! ಅದನ್ನು ಕಾಣಲು ಬರೀ ‘ರೀಆರ್ಡರ್’ ಎಂದು ಹುಡುಕಿದರೆ ಖ್ಮೇರ್, ಬರ್ಮೀ ಲಿಪಿಗಳ ಫಂಕ್ಷನ್‌ಗಳೂ ಮುಗಿಬೀಳುತ್ತವೆ. ಕಡತದ ಹಾದಿಯಲ್ಲಿ ‘ಇಂಡಿಕ್’ ಇರಲೇಬೇಕೆಂದು ಷರತ್ತು ಹಾಕಿದಿರೋ, ಭಾರತೀಯ ಲಿಪಿಗಳ ಕೇರಿಗೇ ನೇರವಾಗಿ ಬರುತ್ತೀರಿ. ಇಂಥ ಕೋಡ್ ಇಟ್ಟಿರುವ ಗಿಟ್‌ಹಬ್ ಜಾಲತಾಣದ ಹುಡುಕಾಟದಲ್ಲಿ ‘ಪಾತ್’ ಜೊತೆಗೆ ‘ಸಿಂಬಲ್’ ಎಂಬ ಸೂಚಕವನ್ನೂ ಕೊಟ್ಟರೆ, ಹೆಸರು ಬಳಕೆಯಾದ ಕಡೆಗಳನ್ನೆಲ್ಲ ಬಿಟ್ಟು, ಅದನ್ನು ವ್ಯಾಖ್ಯಾನಿಸಿದ ಜಾಗವನ್ನಷ್ಟೇ ತೋರಿಸುತ್ತದೆ. ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳೇ, ನಮ್ಮ ಅಕ್ಷರಗಳನ್ನು ಜೋಡಿಸುವ ಆ ಕಡತವನ್ನು ಒಮ್ಮೆ ತೆರೆದು ಓದಿ. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದುಪಡಿಯನ್ನೂ ಕಳಿಸಬಹುದು.